ಚಾಲೂ ಅಂದರೆ ಸಾಕು

ಮಾತು ಬೆಳ್ಳಿ, ಮೌನ ಬಂಗಾರ, ಸೀಟಿ ಹಿತ್ತಾಳೆ. ಹಿರಿಯರ ಗಾದೆಗೆ ಹೀಗೊಂದು ಬಾಲ ಅಂಟಿಸಿದ್ದಕ್ಕೆ ಯಾರೂ ಮುನಿಯಬಾರದು. ವೇದ ಸುಳ್ಳಾದರೂ ಗಾದೆ ಸುಳ್ಳಾಗದಂತೆ. ಇಲ್ಲಿ ಗಾದೆ ಸುಳ್ಳಾದರೂ ಕಥೆ ಸುಳ್ಳಾಗದು. ಬಾಲ ಗಾದೆಗೆ ಮಾತ್ರ. ಮುಂದಿನದಕ್ಕೆ ಬಾಲವೂ ಇಲ್ಲ, ಕೊಂಬೂ ಇಲ್ಲ. ನಡೆದದ್ದು ನಡೆದ ಹಾಗೆ.

ಆ ಹಿತ್ತಾಳೆಯ ಸೀಟಿ ಕರಿದಾರದಲ್ಲಿ ತೂಗುತ್ತಿದ್ದುದು ಗದಿಗೆಮ್ಮ ಟೀಚರ ಕೊರಳಿನಲ್ಲಿ. ಈ ಬೇಸಿಗೆಯವರೆಗೆ ಅವಳಿಗೆ ಸೀಟಿಯ ಅಗತ್ಯ ಬಿದ್ದಿರಲಿಲ್ಲ. ಕುಷ್ಟಗಿಯಿಂದ ಮದುವೆಯಾಗಿ ಹೈದರಾಬಾದಿಗೆ ಬಂದು, ಕಾಚಿಗೂಡದ ಶಾಲೆಯೊಂದರಲ್ಲಿ ಮೂವತ್ತು ವರ್ಷ ಡ್ರಿಲ್ ಕಲಿಸಿದ ಹೆಂಗಸು. ಗಂಡ ಹುಲಗೇಶ ಫಿಟ್ಟರಾಗಿದ್ದ ಕಾರ್ಖಾನೆಯ ಕಾಲೊನಿ ಸಿಕಂದರಾಬಾದಿನ ಆಚೆಗಿತ್ತು. ಆ ಕಾಲೊನಿಯ ಶಾಲೆಯ ಮೈದಾನದಲ್ಲಿ ಕನ್ನಡದ ಮಕ್ಕಳಿಗೆಂದು ಹನ್ನೆರಡು ದಿನದ ಬೇಸಿಗೆ ಶಿಬಿರ ಶುರುಮಾಡಿ ಇಪ್ಪತ್ತೊಂದು ವರ್ಷ. ಬೆಳಿಗ್ಗೆ ಆರೂವರೆಗೆ ಶುರು, ಬಿಸಿಲು ನೆತ್ತಿಗೇರುವ ಮೊದಲು ಮನೆಗೆ. ಅಷ್ಟೂ ವರ್ಷ ಶಿಬಿರ ನಡೆದದ್ದು ಎರಡೇ ಶಬ್ದಗಳ ಮೇಲೆ. ಆಟವಿರಲಿ, ಹಾಡಿರಲಿ, ತಿಂಡಿಯಿರಲಿ, ಶುರುವಿಗೆ 'ಚಾಲೂ!', ಕೊನೆಗೆ 'ಸಾಕು!'. ಬೇವಿನ ಮರದ ಕೆಳಗೆ ನಿಂತು ಅವಳು 'ಚಾಲೂ' ಎಂದರೆ, ಮೇನ್ ಗೇಟಿನ ಬಸ್ ಸ್ಟಾಪಿನಲ್ಲಿದ್ದವರು ಬಸ್ಸು ಹೊರಟಿತೆಂದು ಓಡುತ್ತಿದ್ದರು ಎನ್ನುವ ಮಾತಿತ್ತು.

ಆ ಶಬ್ದಗಳು ಮೊದಲ ವರ್ಷದ ಮೊದಲ ದಿನವೇ ಕೈಕೊಟ್ಟಿದ್ದವು. ಓಟದ ಗೆರೆಯ ಮೇಲೆ ಮೂವತ್ತು ಮಕ್ಕಳನ್ನು ನಿಲ್ಲಿಸಿ 'ಚಾಲೂ!' ಎಂದು ಕೂಗಿದರೆ ಅರ್ಧ ಮಕ್ಕಳು ಓಡಿದರು, ಅರ್ಧ ಮಕ್ಕಳು ಕೂತರು.

'ಯಾಕ ಕುಂತಿಯವಾ?' ಎಂದು ಕೂತವರಲ್ಲೊಬ್ಬಳನ್ನು ಕೇಳಿದಳು.

'ನೀವೇ ಚಾಲು ಅಂದ್ರಲ್ಲ ಮೇಡಂ' ಎಂದಿತು ಹುಡುಗಿ.

ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು. ಗದಿಗೆಮ್ಮನ ಊರಿನಲ್ಲಿ ಚಾಲೂ ಎಂದರೆ ಶುರು; ತೆಲುಗಿನಲ್ಲಿ ಚಾಲು ಎಂದರೆ ಸಾಕು. ಹಾಗಾದರೆ ಸಾಕು ಎಂದಾದರೂ ಕೂಗೋಣವೆಂದರೆ ಅದೇ ಹುಡುಗಿ ಅಳುಮುಖ ಮಾಡಿತ್ತು: 'ನಾ ಏನೂ ನೆವ ಹೇಳಿಲ್ಲ ಮೇಡಂ.' ತೆಲುಗಿನಲ್ಲಿ ಸಾಕು ಎಂದರೆ ನೆವ.

ಬೇರೆಯವರಾಗಿದ್ದರೆ ಶಬ್ದ ಬದಲಿಸುತ್ತಿದ್ದರು. ಗದಿಗೆಮ್ಮ ಅದನ್ನೇ ಶಿಬಿರದ ಪದ್ಧತಿ ಮಾಡಿಕೊಂಡಳು. ಪ್ರತಿ ವರ್ಷ ಮೊದಲ ಬೆಳಿಗ್ಗೆ, ಯಾರಿಗೂ ಮುನ್ಸೂಚನೆಯಿಲ್ಲದೆ, 'ಚಾಲೂ!' ಎಂದು ಕೂಗುವುದು; ಹಳಬರು ಓಡುವುದು, ಹೊಸಬರು ಕೂರುವುದು; ಎಲ್ಲರೂ ಬಿದ್ದು ಬಿದ್ದು ನಗುವುದು. ಆಮೇಲೆ ಅವಳ ಭಾಷಣ: 'ಕೇಳ್ರಿ ಇಲ್ಲೆ. ನಿಮ್ಮ ಚಾಲು ಗೇಟಿನ ಹೊರಗ. ಈ ಬೇವಿನ ಗಿಡದ ಕೆಳಗ ಚಾಲೂ ಅಂದ್ರ ಚಾಲೂನ. ನಾ ಸಾಕು ಅನ್ನೋತನಕ ಯಾರಿಗೂ ಸಾಕಾಗಂಗಿಲ್ಲ. ನೆವ ಹೇಳಿದವರಿಗೆ ಗಿಡದ ಸುತ್ತ ಮೂರು ಸುತ್ತು!' ಇಷ್ಟಾದ ಮೇಲೆ ಹೊಸ ಮಗು ಅಂತ ಯಾರೂ ಉಳಿಯುತ್ತಿರಲಿಲ್ಲ. ಒಟ್ಟಿಗೆ ನಕ್ಕವರು ಒಂದೇ ಊರಿನವರಾಗಿಬಿಡುತ್ತಾರೆ.

ಇನ್ನೊಂದು ಪದ್ಧತಿ 'ನಿನ್ನೆಯ ಮಾತು'. ದಿನಾ ಬೆಳಿಗ್ಗೆ ಪ್ರಾರ್ಥನೆ ಮುಗಿದೊಡನೆ, ಹಿಂದಿನ ದಿನ ತಾನು ಕಂಡದ್ದನ್ನು ಅವಳು ಹೆಸರು ಹಿಡಿದು ಹೇಳುತ್ತಿದ್ದಳು. ಭೇಷ್, ಶಾಭಾಸ್ ಅಂತ ಸುಮ್ಮನೆ ಬೆನ್ನು ತಟ್ಟುವುದಲ್ಲ. ಯಾರು ಏನು ಮಾಡಿದರು, ಯಾವ ಹೊತ್ತಿನಲ್ಲಿ, ಯಾರೂ ನೋಡಲಿಲ್ಲವೆಂದುಕೊಂಡು ಮಾಡಿದ್ದು ಯಾವುದು. ಮಕ್ಕಳದ್ದೂ ಇರುತ್ತಿತ್ತು, ಕಲಿಸುವವರದ್ದೂ ಇರುತ್ತಿತ್ತು. ಸಂಬಳವಿಲ್ಲದ ಕೆಲಸಕ್ಕೆ, ರಜೆಯ ದಿನ, ನಸುಕಿನಲ್ಲೆದ್ದು ಬರುವ ದೊಡ್ಡವರು ಬರುತ್ತಿದ್ದುದು ಆ ಒಂದು ಮಾತಿಗೆ. ನಾಳೆ ನನ್ನ ಹೆಸರು ಬಂದೀತೇ ಎಂದು ಕಾಯುವುದರಲ್ಲಿ ಒಂಬತ್ತು ವರ್ಷದವನಿಗೂ ನಲವತ್ತರವನಿಗೂ ವ್ಯತ್ಯಾಸವಿರಲಿಲ್ಲ.

ಫೆಬ್ರುವರಿಯಲ್ಲಿ ಅವಳ ಗಂಟಲಿನಲ್ಲಿದ್ದ ಗಂಟನ್ನು ಆಪರೇಷನ್ ಮಾಡಿ ತೆಗೆದರು. ಗಂಟು ಹೋಯಿತು, ದನಿಯ ನಂಟೂ ಹೋಯಿತು. ಬಾಯಿ ತೆರೆದರೆ ಚುರುಮುರಿಯ ಚೀಲ ಎಳೆದಂಥ ಸಪ್ಪಳವಷ್ಟೇ. ತಾನಾಗಿ ಬಂದರೆ ಬಂದೀತು, ಒತ್ತಾಯ ಮಾಡಬೇಡಿ ಎಂದರು ಡಾಕ್ಟರು. ಮನೆಯಲ್ಲಿ ಹುಲಗೇಶ ಮೊದಮೊದಲು ತಮಾಷೆ ಮಾಡಿದ. ಏಪ್ರಿಲ್ ಹೊತ್ತಿಗೆ ಒಂದು ಬೆಳಿಗ್ಗೆ ಚಹಾದ ಕಪ್ಪು ಹಿಡಿದುಕೊಂಡು, 'ನೀ ಬೈದು ಭಾಳ ದಿನ ಆತು ನೋಡು' ಎಂದವನು ಕಪ್ಪಿನೊಳಗೇ ನೋಡುತ್ತ ಕೂತ. ಶಿಬಿರ ಈ ವರ್ಷ ಬೇಡ ಎಂದು ಅವನೂ ಹೇಳಲಿಲ್ಲ, ಅವಳೂ ಹೇಳಲಿಲ್ಲ. ಮರುದಿನ ಅವನೇ ಪೇಟೆಗೆ ಹೋಗಿ ಒಂದು ಹಿತ್ತಾಳೆ ಸೀಟಿ, ಒಂದು ಪಾಟಿ, ಬಳಪದ ಡಬ್ಬಿ ತಂದಿಟ್ಟ.

ಮೊದಲ ದಿನ ಎಪ್ಪತ್ತೆರಡು ಮಕ್ಕಳು ಬಂದವು. ಸೀಟಿ ಒಮ್ಮೆ ಊದಿದರೆ ಶುರು, ಎರಡು ಸಲ ಊದಿದರೆ ನಿಲ್ಲಿಸಿ ಎಂದು ಪಾಟಿಯ ಮೇಲೆ ಬರೆದು ತೋರಿಸಿದಳು. ಅರ್ಧ ತಾಸಿನಲ್ಲೇ ಕ್ವಾರ್ಟರ್ಸಿನ ಅಡುಗೆಮನೆಗಳು ಎದ್ದವು. ಯಾರದೋ ಕುಕ್ಕರ್ ಎರಡು ಸಲ ಕೂಗಿತು. ಖೋಖೋ ಆಡುತ್ತಿದ್ದ ಮಕ್ಕಳು ಕಂಬದಂತೆ ನಿಂತವು. ಇನ್ನೊಂದು ಕುಕ್ಕರ್ ಒಮ್ಮೆ ಕೂಗಿತು, ಮತ್ತೆ ಓಡಿದವು. ಮೂರನೆಯದು ಬಿಡದೆ ಐದು ಸಲ ಕೂಗಿತು. ಅದಕ್ಕೇನು ಮಾಡಬೇಕೋ ಪಾಟಿಯ ಮೇಲೆ ಇರಲಿಲ್ಲ.

ಎರಡನೇ ದಿನ ಕಾಲೊನಿಯ ಕನ್ನಡ ಸಂಘದ ಕಾರ್ಯದರ್ಶಿ ಸಿದ್ದರಾಮಪ್ಪ ಮೈಕು ತಂದು ನಿಲ್ಲಿಸಿದ. ಗದಿಗೆಮ್ಮ ಅದಕ್ಕೆ ತುಟಿ ತಾಗಿಸಿ 'ಮಕ್ಕಳಽ' ಎಂದಳು. ಸ್ಪೀಕರಿನಿಂದ 'ಬುಸ್ಸ್' ಎಂದು ಬಂತು. ಮುಂದಿನ ಸಾಲಿನ ಒಂದು ಮಗು 'ಪಾಮು! ಪಾಮು!' ಎಂದು ತೆಲುಗಿನಲ್ಲಿ ಚೀರಿತು, ಹಾವು ಹಾವು ಎಂದು. ಎಲ್ಲರೂ ನಕ್ಕರು. ಅದರಲ್ಲಿ ಕೆಡುಕೇನಿರಲಿಲ್ಲ, ಮಕ್ಕಳು ನಗಲಿಕ್ಕೇ ಬಂದವು. ಆದರೆ ಗದಿಗೆಮ್ಮ ಮತ್ತೆ ಮೈಕಿನ ಹತ್ತಿರ ಹೋಗಲಿಲ್ಲ. ಮೊದಲ ದಿನದ 'ಚಾಲೂ' ಪದ್ಧತಿ ಈ ವರ್ಷ ನಡೆಯಲೇ ಇಲ್ಲ. ಹೊಸಬರು ಹೊಸಬರಾಗಿ, ಹಳಬರು ಹಳಬರಾಗಿ, ಮೈದಾನದ ಎರಡು ಬದಿಗೆ ಉಳಿದರು.

'ನಿನ್ನೆಯ ಮಾತ'ನ್ನು ವಾಟ್ಸಾಪ್ ಗುಂಪಿನಲ್ಲಿ ಹಾಕಿ ನೋಡಿದಳು. ಆರು ಜನ ಕಲಿಸುವವರಿದ್ದರು. ಆರು ಹೆಬ್ಬೆರಳು ಬಂದವು. ಹೆಬ್ಬೆರಳಿನಿಂದ ಚಪ್ಪಾಳೆ ತಟ್ಟಲಾಗುವುದಿಲ್ಲ. ಮೂರನೇ ದಿನದಿಂದ ಗುಂಪಿನಲ್ಲಿ ಹಾಕುವುದನ್ನು ಬಿಟ್ಟಳು. ಬರೆಯುವುದನ್ನು ಬಿಡಲಿಲ್ಲ. ಮಕ್ಕಳು ಹೋದ ಮೇಲೆ ವೇದಿಕೆಯ ಮೆಟ್ಟಿಲಿನ ಮೇಲೆ ಕೂತು, ನೀಲಿ ರಟ್ಟಿನ ವಹಿಯಲ್ಲಿ ಆ ದಿನ ಕಂಡದ್ದನ್ನೆಲ್ಲ ಹೆಸರು ಸಮೇತ ಬರೆದಿಡುತ್ತಿದ್ದಳು. ದನಿ ಹೋಗಿತ್ತು, ಕಣ್ಣು ಹೋಗಿರಲಿಲ್ಲ.

ಮೂರನೇ ದಿನ ಐವತ್ತೆಂಟು ಮಕ್ಕಳು. ನಾಲ್ಕನೇ ದಿನ ಐವತ್ತು. ಕಲಿಸುವವರಲ್ಲಿ ಒಬ್ಬರಿಗೆ ಮದುವೆ ಬಂತು, ಒಬ್ಬರಿಗೆ ನೆಗಡಿ ಬಂತು, ಇಬ್ಬರಿಗೆ ಏನು ಬಂತೆಂದು ತಿಳಿಯಲಿಲ್ಲ. ಅವರು ಬರಲಿಲ್ಲ, ಅಷ್ಟೆ. ಅಡುಗೆಯ ಜಯಮ್ಮ ಸೇರಿ ಉಳಿದವರು ಮೂವರು: ಅವಳು, ಚಿತ್ರ ಕಲಿಸುವ ಚಂದ್ರಹಾಸ, ಆಟ ಆಡಿಸುವ ವರ್ಷಾ.

ಸಿದ್ದರಾಮಪ್ಪ ಆ ದಿನ ಟೋಪಿ ತೆಗೆದು ಗಾಳಿ ಹಾಕಿಕೊಳ್ಳುತ್ತ ಬಂದ.

'ಮೇಡಂ, ಬ್ಯಾಸರ ಮಾಡ್ಕೋಬ್ಯಾಡ್ರಿ. ಮುಂದಿನ ವರ್ಷದಿಂದ ಶಿಬಿರ ಹೊರಗಿನ ಕಂಪನಿಗೆ ಒಪ್ಪಿಸೋಣು ಅಂತ ಕಮಿಟಿಯಾಗ ಮಾತು ನಡದೈತಿ. ಮಕ್ಕಳನ್ನೂ ಅವರ ನೋಡ್ಕೋತಾರ, ತಿಂಡೀನೂ ಅವರ ತರ್ತಾರ, ಎಲ್ಲಾರಿಗೂ ಟೋಪೀನೂ ಅವರ ಹಾಕ್ತಾರ.'

ಗದಿಗೆಮ್ಮ ಪಾಟಿ ತೆಗೆದುಕೊಂಡು ಬರೆದಳು: 'ಟೋಪಿ ಯಾರಿಗೆ? ಮಕ್ಕಳಿಗೋ, ನಿಮಗೋ?'

ಸಿದ್ದರಾಮಪ್ಪ ತನ್ನ ಟೋಪಿಯನ್ನು ಮೆಲ್ಲಗೆ ಬೆನ್ನ ಹಿಂದೆ ಹಿಡಿದುಕೊಂಡ. 'ನಿಮ್ಮ ಒಳ್ಳೇದಕ್ಕ ಹೇಳಾಕತ್ತೀನ್ರಿ. ದಿನಾ ಮಕ್ಕಳು ಕಡಿಮಿ ಆಗಾಕತ್ತಾವು.'

ಅವಳು ಪಾಟಿ ಒರೆಸಿ ಮತ್ತೆ ಬರೆದಳು: 'ನಲವತ್ತು. ಅದಕ್ಕಿಂತ ಕೆಳಗ ಇಳಿದರ ನಾನೇ ಮುಗಸ್ತೀನಿ. ಯಾರೂ ಹೇಳೋದು ಬ್ಯಾಡ.'

ಬರೆದದ್ದನ್ನು ಅವನು ಓದುವ ಮೊದಲೇ ಅವಳ ಕೈ ಒರೆಸಲು ಹೋಯಿತು. ಅಷ್ಟರಲ್ಲಿ ಅವನು ಓದಿಬಿಟ್ಟ. ನಡುವೆ ನಿಂತ ಶಿಬಿರ ಮರುವರ್ಷ ಏಳುವುದಿಲ್ಲ ಎನ್ನುವುದು ಇಬ್ಬರಿಗೂ ಗೊತ್ತಿತ್ತು. ಬೇವಿನ ಮರ ಉಳಿಯುತ್ತದೆ. ಅದರ ಕೆಳಗೆ ಚಾಲೂ ಎಂದರೆ ಏನೆಂದು ತಿಳಿದವರು ಉಳಿಯುವುದಿಲ್ಲ.

ಐದನೇ ದಿನ ಅವಳು ಆರು ಗಂಟೆಗೇ ಮೈದಾನಕ್ಕೆ ಹೋದಳು. ಯಾರೂ ಇರಲಿಲ್ಲ. ಮರದ ಕೆಳಗೆ ಕಾಲು ಅಗಲಿಸಿ, ಸೆರಗು ಬಿಗಿದು, ಮೂವತ್ತು ವರ್ಷ ಡ್ರಿಲ್ಲಿಗೆ ನಿಂತ ಹಾಗೆ ನಿಂತಳು. ಡಾಕ್ಟರ ಮಾತು ನೆನಪಿತ್ತು. ಆದರೂ ಎದೆಯ ತುಂಬ ಗಾಳಿ ಎಳೆದು, ಹೊಟ್ಟೆಯಿಂದ 'ಚಾಲೂ' ಎಂದಳು. ಗಾಳಿಯೇ ಹೊರಬಂತು. ಕೊಂಬೆಯ ಮೇಲಿದ್ದ ಕಾಗೆ ಕತ್ತು ತಿರುಗಿಸಿ ನೋಡಿತು, ಹಾರಲಿಲ್ಲ. ಮೊದಲಾದರೆ ಆ ಕೂಗಿಗೆ ಮರದಲ್ಲೊಂದು ಹಕ್ಕಿ ಉಳಿಯುತ್ತಿರಲಿಲ್ಲ. ಇನ್ನೊಮ್ಮೆ ಎಂದಳು. ಗಂಟಲು ಉರಿದು ಕಣ್ಣಿನಲ್ಲಿ ನೀರು ಬಂತು. ನೀರು ಉರಿಗೆ ಬಂದದ್ದೆಂದು ತನಗೆ ತಾನೇ ಹೇಳಿಕೊಂಡು ತಿರುಗಿದರೆ, ನೀರಿನ ಟ್ಯಾಂಕಿನ ಪಕ್ಕದಲ್ಲಿ ಚೆಂಡುಗಳ ಬಲೆಚೀಲ ಹಿಡಿದು ವರ್ಷಾ ನಿಂತಿದ್ದಳು.

ಅದೇ ಟ್ಯಾಂಕು. ವರ್ಷಾ ಇದೇ ಕಾಲೊನಿಯಲ್ಲಿ ಬೆಳೆದ ಹುಡುಗಿ. ಹತ್ತು ವರ್ಷದವಳಿದ್ದಾಗ ಅದರ ಹಿಂದೆ ಅಡಗಿ, ಗದಿಗೆಮ್ಮನ ದನಿ ತೆಗೆದು 'ಸಾಕು!' ಎಂದು ಕೂಗಿದ್ದಳು. ಅಂತಿಮ ಓಟದಲ್ಲಿದ್ದ ಮಕ್ಕಳೆಲ್ಲ ಗೆರೆ ಮುಟ್ಟುವ ಮೊದಲೇ ನಿಂತಿದ್ದವು. ಸ್ವತಃ ಗದಿಗೆಮ್ಮನಿಗೆ ಒಂದು ಗಳಿಗೆ, ನಾನೇ ಕೂಗಿದೆನೇನೋ ಅನ್ನಿಸಿತ್ತು. ಕಿವಿ ಹಿಡಿದು ಹೊರಗೆಳೆದು, 'ನನ್ನ ದನಿ ನಿನಗ್ಯಾಕವಾ? ನಿನ್ನ ದನಿ ಸತ್ತೈತೇನು? ಇನ್ನೊಮ್ಮಿ ಈ ಗ್ರೌಂಡಿನ್ಯಾಗ ನನ್ನ ದನಿ ತಗದಿ ಅಂದ್ರ ನೋಡು' ಎಂದಿದ್ದಳು. ಹುಡುಗಿ ಆಣೆ ಮಾಡಿತ್ತು. ಈಗ ಬಿ.ಎಡ್. ಓದುತ್ತಿರುವ ವರ್ಷಾ ಕುಕ್ಕರಿನಿಂದ ಹಿಡಿದು ಸಿದ್ದರಾಮಪ್ಪನವರೆಗೆ ಎಲ್ಲರ ದನಿ ತೆಗೆಯುತ್ತಾಳೆ, ಗದಿಗೆಮ್ಮನದೊಂದನ್ನು ಬಿಟ್ಟು.

ವರ್ಷಾ ಏನನ್ನೂ ಕೇಳಿಸಿಕೊಂಡಿಲ್ಲ ಎನ್ನುವಂತೆ ಚೆಂಡು ಎಣಿಸತೊಡಗಿದಳು. ನಿಜಕ್ಕೂ ಕೇಳಿಸಿಕೊಳ್ಳಲು ಏನೂ ಇರಲಿಲ್ಲ. ಅದೇ ಗದಿಗೆಮ್ಮನನ್ನು ಹೆಚ್ಚು ನೋಯಿಸಿತು.

ಅವತ್ತು ನಲವತ್ತನಾಲ್ಕು ಮಕ್ಕಳು. ಹೊರಡುವಾಗ ಚಂದ್ರಹಾಸ ಬಂದ. ಕುಂದಾಪುರದ ಕಡೆಯವನು, ರಾತ್ರಿಪಾಳಿಯ ಆಫೀಸು ಮುಗಿಸಿ, ಕ್ಯಾಬಿನಿಂದ ನೇರವಾಗಿ ಶಿಬಿರಕ್ಕೆ ಇಳಿಯುತ್ತಿದ್ದ.

'ಮೇಡಂ, ನಾಳೆಯಿಂದ ನಂಗೆ ಬರ್ಲಿಕ್ಕೆ ಕಷ್ಟ ಅಂತ ಕಾಣ್ತದೆ. ನಿದ್ದೆ ಇಲ್ಲ. ನಾನು ಕಲಿಸುದು ಯಾರಿಗಾದ್ರೂ ಬೇಕಾ ಅಂತ್ಲೇ ಗೊತ್ತಾಗುದಿಲ್ಲ ಮಾರಾಯ್ರೆ.'

ಇಂಥವರನ್ನು ನಿಲ್ಲಿಸುವ ಮಾತು ಒಂದು ಕಾಲಕ್ಕೆ ಅವಳ ನಾಲಿಗೆಯ ತುದಿಯಲ್ಲಿ ಇರುತ್ತಿತ್ತು. ಪಾಟಿ ಎಲ್ಲೋ ಇತ್ತು. ಅವಳು ಅವನ ತೋಳು ಹಿಡಿದು, 'ಇರು' ಎಂದಳು.

'ಇರ್ಲಿ ಅಂದ್ರಾ? ಥ್ಯಾಂಕ್ಸ್ ಮೇಡಂ' ಎಂದು ಅವನು ಕೈಮುಗಿದು ಹೋದ.

ಆರನೇ ದಿನ ಚಂದ್ರಹಾಸ ಬಂದಿದ್ದ. 'ಕ್ಯಾಬಿನವ ಅಭ್ಯಾಸದಲ್ಲಿ ಇಲ್ಲೇ ಇಳಿಸಿದ' ಎಂದು ನೆಲ ನೋಡಿ ಹೇಳಿದ. ಮಕ್ಕಳು ಮೂವತ್ತೆಂಟು. ಗದಿಗೆಮ್ಮ ಎರಡು ಸಲ ಎಣಿಸಿದಳು. ಮೂರನೇ ಸಲ ಎಣಿಸುವುದು ನೆವ ಹೇಳಿದಂತೆ ಅನ್ನಿಸಿ ನಿಲ್ಲಿಸಿದಳು. ಮಕ್ಕಳೆಲ್ಲ ಹೋದ ಮೇಲೆ ಮೂವರನ್ನೂ ಕರೆದು ಪಾಟಿ ತೋರಿಸಿದಳು. ಎರಡೇ ಶಬ್ದ: 'ನಾಳೆಗೆ ಸಾಕು.'

ಜಯಮ್ಮ ಓದಲು ಬಾರದವಳು. 'ಏನು ಬರದಾರಬೇ?' ಎಂದು ವರ್ಷಾಳನ್ನು ಕೇಳಿದಳು. ವರ್ಷಾ ಓದಿ ಹೇಳಿದಳು. ಜಯಮ್ಮ ಸೌಟು ಹಿಡಿದ ಕೈಯಿಂದಲೇ ಕಣ್ಣೊರೆಸಿಕೊಂಡಳು. 'ಯಕ್ಕಾ, ನಾಳಿಗೆ ತಾಟಿನುಂಗಿನ ಹಣ್ಣು ತರಾಕ ಹೇಳೀನಲ್ರೀ. ಮಕ್ಕಳು ಕಾಯಾಕತ್ತಾವು.'

ಗದಿಗೆಮ್ಮ ಅವಳ ಭುಜ ಮುಟ್ಟಿದಳು. ಮೆಟ್ಟಿಲಿಗೆ ಹೋಗಿ ಕೂತಳು. ನಾಳೆಯೇ ಮುಗಿಸುವವಳಿಗೆ ಇವತ್ತಿನದೇಕೆ ಎಂದುಕೊಂಡರೂ ಕೈ ಕೇಳಲಿಲ್ಲ; ವಹಿ ತೆರೆದು ಆ ದಿನ ಕಂಡದ್ದನ್ನು ಬರೆದಳು. ಆಮೇಲೆ ಹಾಜರಿ ಪುಸ್ತಕ, ಔಷಧದ ಡಬ್ಬಿ, ಬೀಗದ ಕೈ, ವಹಿ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿ ವರ್ಷಾಳ ಕೈಗಿತ್ತು, 'ಸಿದ್ದರಾಮಪ್ಪಗ ಕೊಡು' ಎಂದು ಸನ್ನೆ ಮಾಡಿದಳು. ದನಿಯ ಹಿಂದೆ ದಣಿವೂ ಇಷ್ಟು ದಿನ ಅಡಗಿತ್ತೇನೋ. ಮನೆಗೆ ನಡೆಯುವ ಹತ್ತು ನಿಮಿಷದ ದಾರಿಗೆ ಅವತ್ತು ಅರ್ಧ ತಾಸು ಹಿಡಿಯಿತು.

ಏಳನೇ ಬೆಳಿಗ್ಗೆ ಮೂವತ್ತಾರು ಮಕ್ಕಳು ಸಾಲಾಗಿ ನಿಂತಿದ್ದವು. ಪ್ರಾರ್ಥನೆ ಮುಗಿಯಿತು. ಗದಿಗೆಮ್ಮ ಪಾಟಿ ಎದೆಗೊತ್ತಿಕೊಂಡು ವೇದಿಕೆ ಏರಿದಳು. ಅಲ್ಲಿ ಮೈಕು ನಿಂತಿತ್ತು.

'ಕಡೇ ದಿನ ಅಲ್ವಾ ಮೇಡಂ' ಎಂದ ಚಂದ್ರಹಾಸ. 'ಒಂದು ಮಾತು ನೀವೇ ಹೇಳಿ. ಪಾಟಿ ಹಿಂದಿನ ಸಾಲಿಗೆ ಕಾಣುದಿಲ್ಲ.'

ಬೇಡವೆಂದು ತಲೆಯಾಡಿಸಬೇಕೆಂದಿದ್ದಳು. ಹಿಂದಿನ ಸಾಲಿನಲ್ಲಿ ಅಮಿತ ತುದಿಗಾಲಿನಲ್ಲಿ ನಿಂತಿದ್ದ. ವಿಮಾನ ನಿಲ್ದಾಣದಲ್ಲಿ ಕೆಲಸ ಮಾಡುವ ಅಪ್ಪನ ಬೈಕಿನಲ್ಲಿ ಶಂಶಾಬಾದಿನಿಂದ ದಿನಾ ಬರುವ ಒಂಬತ್ತು ವರ್ಷದ ಹುಡುಗ. ಅಷ್ಟು ದೂರದಿಂದ ಬಂದವನಿಗೆ ಪಾಟಿ ತೋರಿಸಿ ವಾಪಸು ಕಳಿಸುವುದು ಅವಳಿಂದಾಗಲಿಲ್ಲ. ಬುಸ್ಸೆಂದರೆ ಬುಸ್ಸೆನ್ನಲಿ ಎಂದುಕೊಂಡು ಮೈಕಿಗೆ ಬಾಗಿ ತುಟಿ ಬಿಚ್ಚಿದಳು: 'ಮಕ್ಕಳಽ...'

'ಮಕ್ಕಳಽ!'

ಸ್ಪೀಕರ್ ಗುಡುಗಿತು. ಬೇವಿನ ಮರದ ಕಾಗೆಗಳೆಲ್ಲ ಒಟ್ಟಿಗೆ ಎದ್ದವು.

ಗದಿಗೆಮ್ಮನ ಕೈ ತಾನಾಗಿ ಗಂಟಲಿಗೆ ಹೋಯಿತು. ಗಾಯದ ಗೆರೆಯ ಮೇಲೆ ಬೆರಳಿಟ್ಟಳು. ಅದು ಅವಳದೇ ದನಿ: ಕುಷ್ಟಗಿಯ ಎಳೆತ, ಕಡೆಯ ಅಕ್ಷರಕ್ಕೆ ಕೊಡುವ ಪೆಟ್ಟು, ಎಲ್ಲ. ಬಂತು. ತಾನಾಗಿ ಬಂದರೆ ಬಂದೀತು ಎಂದಿದ್ದರು, ಬಂದುಬಿಟ್ಟಿತು. ಹುಲಗೇಶನಿಗೆ ಹೇಳಬೇಕು. ಮನೆಗೆ ಹೋದ ಕೂಡಲೇ ಮೊದಲು ಅವನನ್ನೊಮ್ಮೆ ಬೈಯಬೇಕು.

'ಯಾಕ ಹಂಗ ಬಾಯಿ ತಕ್ಕೊಂಡು ನೋಡಾಕತ್ತೀರಿ? ನೆಟ್ಟಗ ನಿಂದರ್ರಿ!' ಎಂದಿತು ದನಿ.

ಅವಳ ತುಟಿ ಮುಚ್ಚಿತ್ತು.

ಎರಡು ಉಸಿರಿನಷ್ಟು ಹೊತ್ತು ಇದ್ದ ದನಿ ಹೀಗೆ ಎರಡನೇ ಸಲ ಹೋಯಿತು. ಗಂಟಲಿನಿಂದ ಕೈ ಕೆಳಗಿಳಿಯಿತು. ಕಣ್ಣು ಸಾಲಿನಲ್ಲಿ ಹುಡುಕಿತು: ಚಂದ್ರಹಾಸ ಇದ್ದ, ಜಯಮ್ಮ ಇದ್ದಳು, ವರ್ಷಾ ಇರಲಿಲ್ಲ. ವೇದಿಕೆಯ ಹಿಂದಿನ ಸ್ಟೋರ್ ರೂಮಿನ ಬಾಗಿಲಿನ ಕೆಳಗೆ ಒಂದು ಕರಿಯ ವೈರು ನುಸುಳಿಹೋಗಿತ್ತು. ಸೀಟಿಯನ್ನು ಹಲ್ಲಿನ ನಡುವೆ ಕಚ್ಚಿದಳು. ಎರಡು ಸಲ ಊದಿದರೆ ಎಲ್ಲ ನಿಲ್ಲುತ್ತದೆ.

'ನಿನ್ನೆಯ ಮಾತು!' ಎಂದಿತು ದನಿ.

ಮಕ್ಕಳ ಸಾಲಿನಲ್ಲಿ ಹಳಬರು ಮೈ ನೆಟ್ಟಗೆ ಮಾಡಿದರು. ಗದಿಗೆಮ್ಮ ಊದಲಿಲ್ಲ.

'ನಿನ್ನೆ ಜಯಮ್ಮ ಚುರುಮುರಿ ಸೂಸ್ಲಾದಾಗಿನ ಮೆಣಸಿನಕಾಯಿ ಒಂದೊಂದ ಆರಿಸಿ ತಗದು ಸಣ್ಣ ಮಕ್ಕಳ ತಾಟು ಬ್ಯಾರೆ ಇಟ್ಟಾಳ. ಯಾರೂ ಹೇಳಿರಲಿಲ್ಲ. ತಾ ತಿಂದದ್ದು ಆ ಮೆಣಸಿನಕಾಯಿ ತಾಟು. ಚಪ್ಪಾಳಿ!'

ಚಪ್ಪಾಳೆ ಬಿತ್ತು. ಜಯಮ್ಮ ಸೆರಗನ್ನು ಬಾಯಿಗೆ ಹಿಡಿದಳು.

'ನಿನ್ನೆ ಚಂದ್ರಹಾಸ ಎಂಟು ಸಲ ಆಕಳಿಸ್ಯಾನ. ಎಂಟೂ ಸಲ ಗ್ವಾಡಿ ಕಡೆ ಮಾರಿ ಮಾಡಿ. ಮಕ್ಕಳು ನೋಡಿದ್ರ ತಮ್ಮ ಚಿತ್ರ ಚಂದ ಇಲ್ಲ ಅನ್ಕೋತಾವು ಅಂತ. ಚಪ್ಪಾಳಿ!'

ಚಂದ್ರಹಾಸನಿಗೆ ಸ್ಟೋರ್ ರೂಮಿನ ಸಂಗತಿ ಗೊತ್ತಿತ್ತು. ಈ ಸಂಗತಿ ಗೊತ್ತಿರಲಿಲ್ಲ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದ, ಒರೆಸುತ್ತಲೇ ಇದ್ದ.

'ನಿನ್ನೆ ಲಗೋರಿಯಾಗ ಚೆಂಡು ಅಮಿತನ ಅಂಗಿಗೆ ತಾಗಿತ್ತು. ಯಾರೂ ನೋಡಿರಲಿಲ್ಲ. ತಾನ ನಾ ಔಟ್ ಅಂತ ಹೇಳಿ ಹೊರಗ ಬಂದಾನ. ಅವನ ತಂಡ ಸೋತೈತಿ. ಜೋರಾಗಿ, ಚಪ್ಪಾಳಿ!'

ಶಂಶಾಬಾದಿನ ಹುಡುಗ ಸುತ್ತ ನೋಡಿದ, ಇನ್ನೊಬ್ಬ ಅಮಿತ ಇರಬಹುದೆಂದು. ಪಕ್ಕದವನು ಅವನ ಬೆನ್ನಿಗೆ ಗುದ್ದಿದ. ಒಂದು ಹೆಸರಾದ ಮೇಲೆ ಒಂದು ಹೆಸರು ಬಂತು. ಆರು ದಿನದ ವಹಿಯಿತ್ತು. ಗದಿಗೆಮ್ಮ ಸೀಟಿ ಕಚ್ಚಿಕೊಂಡೇ ನಿಂತಳು. ಅವಳು ಕಂಡದ್ದು ಅವಳ ಮುಂದೆಯೇ ಅವಳ ದನಿಯಲ್ಲಿ ಕೇಳಿಸುತ್ತಿತ್ತು. ನೋವು ಇತ್ತು. ಆದರೆ ಯಾರ ಹೆಸರನ್ನು ಯಾವ ಏರಿಳಿತದಲ್ಲಿ ಕರೆಯಬೇಕೋ ಹಾಗೇ ಕರೆಯುತ್ತಿದ್ದ ಆ ಹುಡುಗಿ, ಹನ್ನೆರಡು ವರ್ಷ ಬಾಯಿ ಮುಚ್ಚಿಕೊಂಡೇ ಈ ದನಿಯನ್ನು ಎಷ್ಟು ಜೋಪಾನವಾಗಿ ಇಟ್ಟುಕೊಂಡಿದ್ದಾಳೆ ಎನ್ನುವುದು ನೋವಿಗಿಂತ ಒಂದು ಹೆಜ್ಜೆ ಮುಂದಿತ್ತು.

'ಇನ್ನ ಕಡೀ ಮಾತು. ಇದು ವಹಿಯಾಗ ಇಲ್ಲ' ಎಂದಿತು ದನಿ. 'ನಿನ್ನೆ ಗದಿಗೆಮ್ಮ ಅಂತ ಒಬ್ಬಾಕಿ ಪಾಟಿ ಮ್ಯಾಲೆ ಸಾಕು ಅಂತ ಬರದಾಳ. ತೆಲುಗು ಬಲ್ಲವರು ಹೇಳ್ರಿ ನೋಡೂಣು, ಸಾಕು ಅಂದ್ರ ಏನು?'

ಹೊಸಬರೇ ಮೊದಲು ಕೂಗಿದರು: 'ನೆವ!'

'ನೆವ ಹೇಳಿದವರಿಗೆ?'

ಇದು ಹಳಬರಿಗೆ ಗೊತ್ತಿತ್ತು: 'ಮೂರು ಸುತ್ತು!'

ಆಮೇಲೆ ಸ್ಪೀಕರಿನಲ್ಲಿ ಬರೀ ಉಸಿರು ಕೇಳಿಸಿತು. ಸ್ಟೋರ್ ರೂಮಿನ ಬಾಗಿಲು ತೆರೆಯಿತು. ಒಂದು ಕೈಯಲ್ಲಿ ಎರಡನೇ ಮೈಕು, ಇನ್ನೊಂದರಲ್ಲಿ ನೀಲಿ ವಹಿ ಹಿಡಿದು ವರ್ಷಾ ಹೊರಬಂದಳು. ಮುಖ ಬಿಳಿಚಿತ್ತು.

'ಗ್ರೌಂಡಿನ್ಯಾಗ ತಗದಿಲ್ಲರಿ ಮೇಡಂ' ಎಂದಳು, ತನ್ನದೇ ಸಣ್ಣ ದನಿಯಲ್ಲಿ. 'ಸ್ಟೋರ್ ರೂಮಿನ್ಯಾಗ ತಗದೀನಿ.'

ಗದಿಗೆಮ್ಮ ಸೀಟಿ ತೆಗೆದು ಅವಳ ಕಿವಿಯ ಹತ್ತಿರ ಬಂದಳು. ಹನ್ನೆರಡು ವರ್ಷದ ಹಿಂದೆ ಹಿಡಿದದ್ದೂ ಅದೇ ಕಿವಿ.

'ಒಂದು ಗಳಿಗಿ, ನನಗ ವಾಪಸ್ ಬಂತು ಅಂತ ತಿಳಿದಿದ್ದೆ' ಎಂದು ಉಸುರಿದಳು.

ವರ್ಷಾಳ ಕಣ್ಣು ತುಂಬಿತು. ಹೀಗೂ ಆಗಬಹುದೆಂದು ಅವಳು ಯೋಚಿಸಿಯೇ ಇರಲಿಲ್ಲ. 'ತಪ್ಪಾತ್ರಿ ಮೇಡಂ. ನಾ... ನನಗ...' ಎಲ್ಲರ ದನಿ ತೆಗೆಯುವವಳಿಗೆ ಆ ಹೊತ್ತಿನಲ್ಲಿ ತನ್ನ ದನಿಯೇ ಸಿಗಲಿಲ್ಲ.

ಗದಿಗೆಮ್ಮ ಮಕ್ಕಳ ಕಡೆ ನೋಡಿದಳು. ಮೂವತ್ತಾರು. ಎಣಿಸಲಿಲ್ಲ, ಗೊತ್ತಿತ್ತು. ಯಾರ ಕಣ್ಣೂ ಅತ್ತಿತ್ತ ಇರಲಿಲ್ಲ. ಚಂದ್ರಹಾಸ ಕನ್ನಡಕ ಹಾಕಿಕೊಂಡಿದ್ದ. ಜಯಮ್ಮ ತಾಟಿನುಂಗಿನ ಬುಟ್ಟಿಯ ಮೇಲಿನ ಒದ್ದೆ ಬಟ್ಟೆ ಸರಿಸಿ, ಬಿಚ್ಚಲೋ ಬೇಡವೋ ಎನ್ನುವಂತೆ ಅವಳತ್ತಲೇ ನೋಡುತ್ತಿದ್ದಳು.

ಗದಿಗೆಮ್ಮ ಸೆರಗಿನ ತುದಿಗೆ ಉಗುಳು ಹಚ್ಚಿ ಪಾಟಿ ಒರೆಸಿದಳು. 'ಸಾಕು' ಹೋಗಲು ಎರಡು ಸಲ ಉಜ್ಜಬೇಕಾಯಿತು.

'ನನ್ನ ದನಿ ಸದ್ಯ ನಿನ್ನ ಹಂತೇಕ ಇರಲಿ' ಎಂದು ವರ್ಷಾಳ ಕಿವಿಯಲ್ಲಿ ಹೇಳಿದಳು. 'ಜ್ವಾಕಿ. ಸುಮ್ಮಸುಮ್ಮನ ಯಾರಿಗೂ ಬೈಬ್ಯಾಡ. ಗಿಡದ ಕೆಳಗ ಹೊಂಟೀನಿ. ನಾ ಕೈ ಎತ್ತಿದಾಗ ಒಂದ ಶಬ್ದ ಕೂಗು. ಯಾವುದು ಅಂತ ಗೊತ್ತೈತಲ್ಲ?'

ಮೆಟ್ಟಿಲಿಳಿದು ಬೇವಿನ ಮರದ ಕೆಳಗೆ ಹೋದಳು. ಮಕ್ಕಳನ್ನು ತನ್ನ ಹಿಂದೆ ಸಾಲು ನಿಲ್ಲಿಸಿದಳು. ಸೆರಗು ಬಿಗಿದಳು. ಓಡುವಾಗ ಎದೆಗೆ ಬಡಿಯದಿರಲೆಂದು ಸೀಟಿಯನ್ನು ಹಲ್ಲಿನಲ್ಲಿ ಕಚ್ಚಿ, ಅರವತ್ತಮೂರರ ಮಂಡಿ ಬಗ್ಗಿಸಿ, ಕೈ ಎತ್ತಿದಳು.

'ಚಾಲೂ!' ಎಂದಿತು ಅವಳ ದನಿ, ವರ್ಷಾಳ ಗಂಟಲಿನಿಂದ, ಬಸ್ ಸ್ಟಾಪಿಗೆ ಕೇಳುವ ಹಾಗೆ.

ನಾಲ್ಕು ಹೆಜ್ಜೆ ಓಡಿ ಹಿಂತಿರುಗಿ ನೋಡಿದಳು. ಹಳಬರು ಬೆನ್ನಿಗೇ ಬರುತ್ತಿದ್ದರು. ಹೊಸಬರಷ್ಟೂ ನೆಲದ ಮೇಲೆ ಶಿಸ್ತಾಗಿ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಅವರ ನಡುವೆ ಅಮಿತ, ಹೇಳಿದ ಮಾತು ಕೇಳಿದ ಜಾಣನ ಮುಖ ಮಾಡಿಕೊಂಡು, ಕೈಕಟ್ಟಿ.

ಆರು ದಿನ ತಡವಾಗಿ ಶಿಬಿರದ ಮೊದಲ ದಿನ ಬಂದಿತ್ತು.

ನಗು ಗದಿಗೆಮ್ಮನ ಹೊಟ್ಟೆಯಿಂದ ಎದ್ದಿತು. ದನಿಯಿಲ್ಲದ ಗಂಟಲನ್ನು ದಾಟಿ ನೇರವಾಗಿ ಸೀಟಿಗೆ ನುಗ್ಗಿತು. 'ಪೀ!' ಎಂದಿತು ಸೀಟಿ. ಕೂತವರು ಎದ್ದು ಓಡಿದರು. 'ಪೀ ಪೀ!' ಎಂದಿತು. ಓಡುತ್ತಿದ್ದವರು ಗಕ್ಕನೆ ನಿಂತರು, ಹಿಂದಿನವರು ಅವರ ಬೆನ್ನಿಗೆ ಬಿದ್ದರು. 'ಪೀ!' ಓಟ. 'ಪೀ ಪೀ!' ನಿಲುವು. ಜಯಮ್ಮ ಬುಟ್ಟಿಯ ಪಕ್ಕದಲ್ಲಿ ಕುಸಿದು ಕೂತು ನಕ್ಕಳು. ಚಂದ್ರಹಾಸ 'ಅಯ್ಯೋ ದೇವ್ರೇ' ಎನ್ನುತ್ತ ಗೋಡೆಯ ಕಡೆ ಮುಖ ಮಾಡದೆಯೇ ನಕ್ಕ. ವರ್ಷಾ ಕಣ್ಣೊರೆಸಿಕೊಳ್ಳುತ್ತ ಮೂರು ಜನರ ದನಿಯಲ್ಲಿ ನಕ್ಕಳು. ಮೂವತ್ತಾರು ಮಕ್ಕಳು ಧೂಳಿನಲ್ಲಿ ಉರುಳಾಡಿ ನಕ್ಕರು. ಅಷ್ಟೂ ನಗುವಿನ ಮೇಲೆ, ಬೇವಿನ ಮರಕ್ಕೆ ಸುತ್ತು ಹಾಕುತ್ತ, ಸೊಂಟ ಹಿಡಿದುಕೊಂಡು, ಸೀಟಿ ಬಾಯಿಂದ ಬಿಡಲಾರದೆ, ಗೇಟಿನಾಚೆಯ ಬಸ್ ಸ್ಟಾಪಿನ ಜನ ತಿರುಗಿ ನೋಡುವ ಹಾಗೆ, ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ಗದಿಗೆಮ್ಮ.